ನಾಗರಾಜನ ಐದನೇ ಫೌಲ್

ತೊಂಬತ್ತರ ದಶಕದಲ್ಲಿ ಪೀಣ್ಯದ ನಮ್ಮ ಕಾರ್ಖಾನೆಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಾನು ಮ್ಯಾನೇಜರ್. ಜನ ಬರ್ತಿದ್ದದ್ದು ಕ್ಯಾಪ್ಟನ್ ಮೂರ್ತಿಯ ಆಟ ನೋಡೋಕೆ. ಲೇತ್ ಸೆಕ್ಷನ್ನಿನ ನಾಗರಾಜನೂ ಚೆನ್ನಾಗಿ ಆಡ್ತಿದ್ದ, ಆದ್ರೆ ಮಹಾ ಮುಂಗೋಪಿ. ರೆಫರಿ ಸೀಟಿ ಊದಿದ್ರೆ ಸಾಕು, ಜಗಳಕ್ಕೆ ನಿಲ್ತಿದ್ದ. "ಇನ್ನೊಂದ್ಸಲ ಐದು ಫೌಲ್ ಮಾಡಿ ಹೊರಗೆ ಬಂದ್ರೆ ತಂಡದಿಂದಲೇ ತೆಗೀತೀನಿ" ಅಂತ ನಾನು ಗದರಿಸಿದ್ದೆ.

ಫೈನಲ್‌ನಲ್ಲಿ ನಾಲ್ಕು ಫೌಲ್ ಆದಮೇಲೆ ನಾಗರಾಜ ಎದುರಾಳಿಯನ್ನ ತಳ್ಳಿದ. ಯಾರು ತಳ್ಳಿದ್ದು ಅಂತ ರೆಫರಿಗೆ ಗೊತ್ತಾಗೋಕೆ ಮುಂಚೆ, ತಪ್ಪು ತನ್ನದು ಅನ್ನೋ ಹಾಗೆ ಮೂರ್ತಿ ಕೈ ಎತ್ತಿಬಿಟ್ಟ.

"ಕೈ ಇಳ್ಸು ಗುರು!" ನಾಗರಾಜ ಕೂಗಿದ. ಆಮೇಲೆ ರೆಫರಿ ಮೇಲೆ ಎಗರಿದ: "ಕಣ್ ಕಾಣಲ್ವಾ ಸಾರ್? ತಳ್ಳಿದ್ದು ನಾನು!"

ಬಂದು ನನ್ನ ಪಕ್ಕ ಕೂತ. ನಾನು ಅವನನ್ನ ತಂಡದಿಂದ ತೆಗೀಲಿಲ್ಲ.

ಅವನು ತನ್ನ ಫೌಲ್ ಒಪ್ಪಿಕೊಂಡಿದ್ದು ಅದೇ ಮೊದಲು. ಅದಕ್ಕೂ ಜಗಳ ಆಡಿಯೇ ಬಂದ.