ಎಡಗಾಲ ಚಪ್ಪಲಿಯ ಪರವಾಗಿ ಹಾಡುವವರು

ನನ್ನದೊಂದು ಕೆಟ್ಟ ಅಭ್ಯಾಸವಿದೆ. ಎದುರಿಗಿದ್ದವರು ಏನು ಹೇಳಿದರೂ ಮೊದಲು ಹೂಂ ಎಂದುಬಿಡುತ್ತೇನೆ. ಅಲ್ಲ ಎನ್ನಬೇಕಾದದ್ದನ್ನು ಮನೆಗೆ ಬಂದು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. “ಹಿಪ್ ಹಾಪ್‌ನಲ್ಲಿ ಒಂದು ಕಲ್ಪನೆ ಹಿಡಿದು ಕಥೆ ಕಟ್ಟಿ ಹಾಡೋರು ಮಾಯ ಆಗ್ತಿದಾರಂತೆ. ಅಂಥವರು ಒಬ್ಬರನ್ನ ಹುಡುಕಿ ಬರಿಯಮ್ಮ. ಕೊನೇಲಿ ಸ್ವಲ್ಪ ಆಶಾಭಾವ ಇರ್ಲಿ” ಎಂದು ಪುರವಣಿಯ ಸಂಪಾದಕರು ಹೇಳಿದಾಗಲೂ ಹಾಗೇ ಆಯಿತು. ಆಶಾಭಾವ ಅಲ್ಲಿ ಇಲ್ಲದೇ ಹೋದರೆ ಎಲ್ಲಿಂದ ತರಲಿ ಎಂದು ಕೇಳಲಿಲ್ಲ. ಬೆಳಗಿನ ಜಾವ ಬಸ್ ಡಿಪೋದ ಗೇಟಿನೆದುರು ನಿಂತಾಗಲೂ ಅದೇ ಚಿಂತೆ.

ಒಳಗೆ ದೀಪದ ಕಂಬಗಳ ಕೆಳಗೆ ಬಸ್ಸುಗಳು ಸಾಲಾಗಿ ನಿಂತಿವೆ. ಒಂದರ ಪಕ್ಕದಲ್ಲಿ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡ, ನಲವತ್ತು ದಾಟಿದ ಹೆಂಗಸೊಬ್ಬರು ಪೈಪು ಹಿಡಿದು ಚಕ್ರದ ಕೆಸರು ಬಿಡಿಸುತ್ತಿದ್ದಾರೆ. ಪೈಪಿನ ಬಾಯನ್ನು ಹೆಬ್ಬೆರಳಲ್ಲಿ ಒತ್ತುತ್ತಾರೆ, ಬಿಡುತ್ತಾರೆ. ತಗಡಿಗೆ ಬಡಿಯುವ ನೀರು ತಾಳವಾಗುತ್ತದೆ, ಆ ತಾಳಕ್ಕೆ ಅವರ ತುಟಿ ಆಡುತ್ತದೆ. ನಾನು ಹುಡುಕಿ ಬಂದ ಹಾಡುಗಾರ್ತಿ ಇವರೇ; ಅವರಿಗೆ ಬೀಟ್ ಅಂದರೆ ಇದೇ.

ಡಿಪೋದಲ್ಲಿ ಎಲ್ಲರಿಗೂ ಅವರು ‘ಎಡಗಾಲಕ್ಕ’. ಕೈಯಲ್ಲಿ ಟೀ ಲೋಟ ಹಿಡಿದ ಡ್ರೈವರೊಬ್ಬ ಹಾದು ಹೋಗುತ್ತಾ ಕೂಗುತ್ತಾನೆ: “ಎಡಗಾಲಕ್ಕ, ಬಲಗಾಲು ಸಿಕ್ತಾ?”

“ಸಿಕ್ತು ಕಣಪ್ಪ. ನಿನ್ನ ಬೆನ್ನಿಗೆ ಅಳತೆ ಸರಿಹೋಗುತ್ತೆ, ಬಾ.”

ಅವನು ನಗುತ್ತಾನೆ. ಅವರೂ ನಗುತ್ತಾರೆ. ಅವನು ಮರೆಯಾದ ಮೇಲೆ ಅವರ ಮುಖದ ನಗು ಆರಿಹೋಗುತ್ತದೆ.

ಒಂದು ಪಾಳಿಗೆ ಹನ್ನೆರಡು ಬಸ್ಸು. ಹೊರಗಡೆ ನೀರು, ಒಳಗಡೆ ಪೊರಕೆ, ಆಮೇಲೆ ಸೋಪಿನ ಬಟ್ಟೆ. ಸೋಪಿನ ನೀರಿಗೆ ಬೆರಳ ತುದಿಯ ಚರ್ಮ ಸುಲಿದಿದೆ. ಅದರ ಘಾಟು ಗಂಟಲಿಗೆ ಇಳಿದು, ಮೊದಲು ಒಂದೇ ಉಸಿರಲ್ಲಿ ಹೇಳುತ್ತಿದ್ದ ಹಾಡಿನ ಸಾಲನ್ನು ಈಗ ಎರಡು ತುಂಡು ಮಾಡಿ ಹೇಳುತ್ತಾರೆ. “ಜನ ಅದನ್ನ ಸ್ಟೈಲು ಅಂದ್ಕೊಂಡಿದಾರೆ. ಅಂದ್ಕೊಳ್ಳಲಿ” ಎನ್ನುತ್ತಾರೆ.

ಮದುವೆಗೆ ಮುಂಚೆ ಅವರು ನಾಲ್ಕೈದು ಗೆಳೆಯರ ಜೊತೆ ಟೈಲರ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ರ‍್ಯಾಪ್ ಕಟ್ಟುತ್ತಿದ್ದರಂತೆ. ಅಲ್ಲಿದ್ದದ್ದು ಒಂದೇ ಕಟ್ಟಳೆ: ನಿನ್ನ ಬಗ್ಗೆ ನೀನು ಹಾಡಬಾರದು, ಬೇರೆ ಏನಾದರೂ ಆಗಿ ಹಾಡಬೇಕು, ಏನಾಗಿದ್ದೀಯ ಎಂದು ಕೊನೆಯ ಸಾಲಿನವರೆಗೂ ಬಾಯಿ ಬಿಡಬಾರದು. ಒಬ್ಬ ಗಡಿಯಾರವಾದ, ಒಬ್ಬಳು ಹರಿದ ಜೇಬಾದಳು. ಈಗ ಅವರೆಲ್ಲ ಎಲ್ಲಿ ಎಂದು ಕೇಳಿದೆ.

“ಒಬ್ಬ ಜಾಹೀರಾತಿಗೆ ಸಾಲು ಬರೀತಾನೆ. ಒಬ್ಬಳು ಮಕ್ಕಳನ್ನ ಪ್ರಾಸ ಹಾಕಿ ಬೈತಾಳೆ. ಇನ್ನೊಬ್ಬ ಎದುರು ಸಿಕ್ರೂ ಆ ವಿಷಯ ಎತ್ತಲ್ಲ. ಈಗಿನ ಹುಡುಗರ ಹಾಡು ಕೇಳಿ, ನಾನು ಹಂಗೆ, ನಾನು ಹಿಂಗೆ, ನನ್ನ ಕಾರು, ನನ್ನ ಶತ್ರು. ತಪ್ಪೇನಿಲ್ಲ ಬಿಡಿ, ಅವರ ವಯಸ್ಸು. ಆದ್ರೆ ಎಲ್ಲರೂ ನಾನು ನಾನು ಅಂದ್ರೆ ಚಪ್ಪಲಿ ಪರವಾಗಿ ಮಾತಾಡೋರು ಯಾರು?”

ಆ ಚಪ್ಪಲಿ ಅವರಿಗೆ ಸಿಕ್ಕಿದ್ದು ಬಸ್ಸೊಂದರ ಹಿಂದಿನ ಸೀಟಿನ ಕೆಳಗೆ, ಕಳೆದ ವರ್ಷ. ಎಡಗಾಲಿನದು, ಒಂದೇ. ಕಸದ ಬುಟ್ಟಿಗೆ ಎಸೆಯಲು ಹೋದ ಕೈ ಅಲ್ಲೇ ನಿಂತಿತಂತೆ. ಪಾಳಿ ಮುಗಿಯುವಷ್ಟರಲ್ಲಿ ಹಾಡು ಹುಟ್ಟಿತ್ತು:

“ಜೊತೇಲಿ ಹುಟ್ಟಿದ್ವಿ, ಒಂದೇ ಕೆಸರು ತುಳಿದ್ವಿ,
ಅವನು ಮುಂದೆ ಹೋದ್ರೆ ನಾನು ಹಿಂದೆ, ನಾನು ಮುಂದಾದ್ರೆ ಅವನು,
ಜಗಳ ಅಂತ ಒಂದು ದಿನ ಇಲ್ಲ.
ಯಾವುದೋ ಸ್ಟಾಪಲ್ಲಿ ಇಳಿದುಹೋದ, ತಿರುಗಿ ನೋಡಲಿಲ್ಲ.”

ಕೇಳುವವರು ಇದು ಗಂಡ ಬಿಟ್ಟುಹೋದ ಹೆಂಗಸಿನ ಗೋಳು ಎಂದುಕೊಳ್ಳಬೇಕು. ಕಣ್ಣು ತುಂಬಬೇಕು. ಕೊನೆಗೆ ‘ನಾನು ಸೀಟಿನ ಕೆಳಗಿನ ಎಡಗಾಲ ಚಪ್ಪಲಿ’ ಎಂಬ ಸಾಲು ಬಂದಾಗ ನಗಬೇಕು. ನಕ್ಕ ಮೇಲೂ ಎದೆಯೊಳಗೆ ಏನೋ ಉಳಿಯಬೇಕು. ಅವರ ಅತ್ತೆಗೆ ಹಾಗೇ ಆಗಿತ್ತು. ನಡುವೆಯೇ “ಅಯ್ಯೋ ಪಾಪ, ಆಮೇಲೆ ಅವಳ ಗಂಡ ಸಿಕ್ಕಿದ್ನೇನೇ?” ಎಂದು ಕೇಳಿ, ಕೊನೆಯ ಸಾಲಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಆಮೇಲೆ ಎದ್ದು ಹೋಗಿ ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಟ್ಟಿದ್ದರು.

“ನಿಮ್ಮ ಸ್ವಂತ ಕಥೆಯಾ ಅಂತ ಎಲ್ಲರೂ ಕೇಳ್ತಾರೆ. ನಮ್ಮ ಯಜಮಾನ್ರು ಎಲ್ಲೂ ಇಳಿದಿಲ್ಲಮ್ಮ. ಮನೇಲಿ ಗೊರಕೆ ಹೊಡೀತಿದಾರೆ.”

ಹಾಡನ್ನು ಧ್ವನಿಮುದ್ರಿಸಿದ್ದು ಅವರ ತಮ್ಮ. ಟೈರ್ ಅಂಗಡಿಯ ಮೇಲೆ, ಗೋಡೆಗೆ ಹಳೇ ಹಾಸಿಗೆ ಬಡಿದ ಒಂದು ಕೋಣೆ ಅವನದು. ಮೊದಲು ಪೂರ್ತಿ ಹಾಡನ್ನೇ ಇಂಟರ್ನೆಟ್ಟಿಗೆ ಹಾಕಿದ. ಯಾರೂ ಕೇಳಲಿಲ್ಲ. ಆಮೇಲೆ ಕೊನೆಯ ಸಾಲನ್ನು ಕತ್ತರಿಸಿ ಮೊದಲಿಗೆ ತಂದ, ಉಳಿದದ್ದನ್ನು ಬಿಟ್ಟ. ಒಗಟು ಹೇಳುವ ಮುಂಚೆಯೇ ಉತ್ತರ ಕೂಗಿದ ಹಾಗೆ. ಅದು ಹಬ್ಬಿತು. ಎಲ್ಲೆಲ್ಲೋ ಹುಡುಗ ಹುಡುಗಿಯರು ಒಂಟಿಕಾಲಲ್ಲಿ ಕುಪ್ಪಳಿಸಿ, ಚಪ್ಪಲಿ ಬೀಸಿ ಫೋನಿಗೆ ಕುಣಿದರು. ಅಕ್ಕನಿಗೆ ಅಡ್ಡಹೆಸರು ಬಂತು. ಆ ಚಪ್ಪಲಿಗೆ ಒಂದು ಜೊತೆಯಿತ್ತು ಎನ್ನುವುದು ಕುಣಿದವರಲ್ಲಿ ಯಾರಿಗೂ ತಿಳಿಯಲಿಲ್ಲ.

ಈಗ ಅವರ ಹತ್ತಿರ ಹೊಸ ಹಾಡೊಂದಿದೆ. ಒದ್ದೆ ಬಸ್ಸಿನ ಕೊನೆಯ ಸೀಟಿನಲ್ಲಿ ನನ್ನನ್ನು ಕೂರಿಸಿ, ಕಂಬಿಗೆ ಬೆರಳು ತಟ್ಟುತ್ತಾ ಹಾಡುತ್ತಾರೆ. ‘ಎಲ್ಲರೂ ನನ್ನ ಹಿಡಿದರು, ಯಾರೂ ಮುಖ ನೋಡಲಿಲ್ಲ, ಬೀಳ್ತೀನಿ ಅನ್ನಿಸಿದಾಗ ಬಿಗಿ ಹಿಡಿದರು, ಊರು ಬಂದಾಗ ಬಿಟ್ಟರು’ ಎಂದು ಶುರುವಾಗುತ್ತದೆ. ಯಾರೋ ತಾಯಿಯ ಮಾತು ಎಂದುಕೊಂಡು ಕೇಳುತ್ತೇನೆ, ಆಮೇಲೆ ದಾದಿಯೇನೋ ಅನ್ನಿಸುತ್ತದೆ. ಕೊನೆಯ ಸಾಲು ಬಂದಾಗ ತಲೆಯೆತ್ತಿ ಮೇಲೆ ನೋಡುತ್ತೇನೆ. ಆ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ನನಗಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಬೈಕಿನಲ್ಲಿ ಅವರ ತಮ್ಮ ಬರುತ್ತಾನೆ. ಮುಂದಿನ ತಿಂಗಳಿಂದ ಆ ಕೋಣೆ ಜಾಹೀರಾತಿನವರ ಪಾಲು. ಅಕ್ಕನ ಹಾಡು ಧ್ವನಿಮುದ್ರಿಸುವುದಿದ್ದರೆ ಇದೇ ಕೊನೆಯ ಅವಕಾಶ.

“ಏನಕ್ಕ, ಇವತ್ತು ಹೇಳ್ತೀನಿ ಅಂದಿದ್ದೆ. ಕೊನೇದನ್ನ ಮೊದಲಿಗೆ ಹಾಕ್ಲಾ?”

“ಕೊನೇದು ಕೊನೇಲೇ ಇರ್ಬೇಕು ಕಣೋ.”

“ಅಲ್ಲೀತನಕ ಬರೋರು ಯಾರು? ನಾನೇನು ನಿನ್ನ ಶತ್ರುನಾ?” ಎನ್ನುತ್ತಾ ಅವನು ಫೋನನ್ನು ನನ್ನ ಮುಂದೆ ಹಿಡಿಯುತ್ತಾನೆ. ಚಪ್ಪಲಿಯ ಪೂರ್ತಿ ಹಾಡನ್ನು ಎಷ್ಟು ಜನ ಎಲ್ಲಿಯವರೆಗೆ ಕೇಳಿದರು ಎಂದು ತೋರಿಸುವ ಗೆರೆ ಅದು. ಶುರುವಿನಲ್ಲೇ ಜಾರಿ ನೆಲಕ್ಕೆ ಬಿದ್ದಿದೆ. “ನೋಡಿ ಮೇಡಂ. ಇಲ್ಲಿ ಅರ್ಧ ಜನ ಇಳಿದ್ರು. ಇಲ್ಲಿ ಮಿಕ್ಕವರು. ಚಪ್ಪಲಿ ಹತ್ರ ಬರೋ ಹೊತ್ತಿಗೆ ಉಳಿದಿದ್ದು ನಾನು, ಅಕ್ಕ, ಅಕ್ಕನ ಅತ್ತೆ.”

ಅವನು ಕೆಟ್ಟವನಲ್ಲ.

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಾರೆ. ನೀರೆಲ್ಲ ಹೋದ ಮೇಲೂ ಹಿಂಡುತ್ತಾರೆ.

“ನೀವು ಪೇಪರಲ್ಲಿ ಬರೀತೀರಲ್ಲಮ್ಮ” ಎಂದು ನನ್ನ ಕಡೆ ತಿರುಗುತ್ತಾರೆ. “ಓದಿದ ಜನ ಹುಡುಕಿ ಕೇಳ್ತಾರಾ? ಕೇಳ್ತಾರೆ ಅಂತ ನೀವು ಅಂದ್ರೆ ಪೂರ್ತಿ ಹಾಡು ಹಾಗೇ ಹಾಕ್ಲಿ. ಇಲ್ಲ ಅಂದ್ರೆ ಇದು ನನ್ನ ಜೊತೆ ಈ ಬಸ್ಸಲ್ಲೇ ಇರ್ಲಿ. ತಿರುವಿ ಹಾಕೋದು ಬೇಡ. ಆ ಗೆರೆ ಇನ್ನೊಂದು ಸಲ ಬೀಳೋದನ್ನ ನೋಡೋದೂ ಬೇಡ. ನನ್ನ ಕೈಲಿ ಆಗಲ್ಲ.”

ತಮ್ಮನೂ ನನ್ನನ್ನೇ ನೋಡುತ್ತಾನೆ. ಹೌದು ಎನ್ನುವುದು ಎಷ್ಟು ಸುಲಭ. ಸಂಪಾದಕರಿಗೆ ಬೇಕಾದ ಕೊನೆಯೂ ಸಿಗುತ್ತದೆ. ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ನೆನಪಾಗುತ್ತಾಳೆ; ಎರಡು ಸ್ಟಾಪು ಬರುವಷ್ಟರಲ್ಲಿ ಅವಳ ಬೆರಳು ಎಷ್ಟು ಹಾಡುಗಳನ್ನು ತಳ್ಳಿತೋ. ನೀವು ಕೂಡ ಈ ಪುಟವನ್ನು ಇಷ್ಟು ಹೊತ್ತಿಗೆ ಮಡಚಿಟ್ಟಿರಬಹುದು. ಗೇಟಿನ ಹತ್ತಿರ ಮೊದಲ ಬಸ್ಸು ಎಂಜಿನ್ ಶುರು ಮಾಡುತ್ತದೆ. ಈ ಸಲ ಡೈರಿಯವರೆಗೆ ಕಾಯದೆ ಹೇಳಿಬಿಡುತ್ತೇನೆ.

“ಇಲ್ಲ ಅಕ್ಕ. ಯಾರೂ ಕೊನೇತನಕ ಬರಲ್ಲ.”