ಗುರುಸಿದ್ಧ ಕಾಕಾನ ವ್ಯಾನು ತಣ್ಣಗಾದ ದಿನ

ಹನ್ನೂರಿನಿಂದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ದಿನಾ ಬೆಳಿಗ್ಗೆ ಹೊರಡುವ ಬಿಳಿ ವ್ಯಾನಿನಲ್ಲಿ ಆರು ಜನ ಹೆಂಗಸರು, ಜೊತೆಗೆ ನಾನು. ಹೆಂಗಸರು ಕಾರ್ಖಾನೆಯಲ್ಲಿ ಟವೆಲಿನ ಅಂಚು ಹೊಲಿಯುತ್ತಾರೆ. ಅವರು ಹೊಲಿದದ್ದನ್ನು ನಾನು ಮಡಚಿ ಡಬ್ಬಿಗೆ ತುಂಬುತ್ತೇನೆ. ಮಡಚಿದ ಟವೆಲಿನ ನಾಲ್ಕೂ ಮೂಲೆ ಕೂಡಬೇಕು ಎನ್ನುವುದು ನಿಯಮ. ನನ್ನದು ಮೂರು ಕೂಡುತ್ತವೆ. ಸಂಜೆ ಮನೆಗೆ ಬಂದು ಮೊಬೈಲಿನಲ್ಲಿ ಎಂಜಿನ್ ಬಿಚ್ಚುವ ವಿಡಿಯೋ ನೋಡುತ್ತೇನೆ. ನೋಡಿ ನೋಡಿ ನಾನೂ ಅರ್ಧ ಮಿಸ್ತ್ರಿ ಎಂಬ ಭ್ರಮೆ ಹತ್ತಿದೆ. ಕೈಯಾರೆ ಬಿಚ್ಚಿದ್ದೆಂದರೆ ಬಿಸ್ಕೀಟಿನ ಪುಡಿಕೆ ಮಾತ್ರ.

ವ್ಯಾನಿನ ಮಾಲೀಕ, ಚಾಲಕ, ಮಿಸ್ತ್ರಿ ಮೂರೂ ಒಬ್ಬರೇ, ಗುರುಸಿದ್ಧ ಕಾಕಾ. ಕುರಿ ಕಾಯುವ ಮನೆತನದವರು. ಹರೆಯದಲ್ಲಿ ಕುರಿ ಅಣ್ಣನಿಗೆ ಬಿಟ್ಟು ಸೋಲಾಪುರದ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದರು. ಹಣೆಗೆ ಬೀರೋಬಾ ದೇವರ ಅರಿಸಿನ ಭಂಡಾರ, ಉಗುರಿನಲ್ಲಿ ಎಂಜಿನ್ ಆಯಿಲ್. ಎರಡೂ ಯಾವ ಸಾಬೂನಿಗೂ ಹೋಗುವುದಿಲ್ಲ. ಊರಲ್ಲಿ ಬೇರೆ ಗಾಡಿಗಳೂ ಇವೆ. ಆದರೆ ಅವುಗಳಿಗೆ ಮಾಲೀಕರಿದ್ದಾರೆ. ಕಾಕಾನ ವ್ಯಾನು ಮಾತ್ರ ಊರಿನದು. ಯಾರಾದರೂ ಬಾಗಿಲಲ್ಲಿ ನಿಂತು "ಕಾಕಾ..." ಎಂದು ರಾಗ ಎಳೆದರೆ ಸಾಕು, ಏನು ಎತ್ತ ಎಂದು ಕೇಳುವ ಮೊದಲೇ ಅವರ ಕೈ ಕಿಸೆಯ ಕೀಲಿಗೆ ಹೋಗಿರುತ್ತದೆ.

ಇಂಥ ವ್ಯಾನು ಎರಡು ತಿಂಗಳಿಂದ ಕಟಕಟ ಎನ್ನುತ್ತಿತ್ತು. ವಳಸಂಗದ ಹತ್ತಿರ ಸಣ್ಣ ಏರು ಬಂದರೂ ಉಸಿರು ಕಟ್ಟುತ್ತಿತ್ತು. ಒಮ್ಮೆ ಕಬ್ಬಿನ ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿ ಹೋಯಿತು. ಹೋಗುವಾಗ ಅದರ ಡ್ರೈವರ್ ಕೈ ಬೇರೆ ಬೀಸಿದ. ಆ ವಾರ ಎರಡು ಸಲ ತಡವಾಗಿ, ಎರಡೂ ಸಲ ಗೇಟಿನಲ್ಲಿ ಎಲ್ಲರಿಗೂ ಅರ್ಧ ದಿನದ ಗೈರುಹಾಜರಿ ಬಿತ್ತು. ಶನಿವಾರ ಸಂಜೆ ಕಾಕಾನ ಮನೆಯ ಮುಂದೆ ವ್ಯಾನಿನಿಂದ ಇಳಿಯುತ್ತ ಸುಗಲಾಬಾಯಿ ಮಾತು ತೆಗೆದರು. ಆರು ಜನರಲ್ಲಿ ಇವರು ಹಿರಿಯರು. ಇವರು ಹೇಳಿದ್ದೇ ಆರೂ ಜನರ ಮಾತು.

"ಅಣ್ಣಾ, ಸಿಟ್ಟಾಗಬ್ಯಾಡ. ಸೋಮವಾರ ಗಾಡಿ ಹಿಂಗೇ ಇತ್ತಂದ್ರ ನಾವೆಲ್ಲಾ ಶೈಲೇಶನ ಹೊಸಾ ಗಾಡ್ಯಾಗ ಹೋಗ್ತೀವಿ. ಹೊಟ್ಟಿ ಪ್ರಶ್ನಾ ನೋಡಪಾ."

"ಸಿಟ್ಟ್ಯಾಕವ್ವಾ?" ಎಂದರು ಕಾಕಾ. "ನಾಳಿ ಐತವಾರ. ಟ್ಯಾಪೆಟ್ ಸೆಟ್ ಮಾಡ್ತೀನಿ, ಹೊಸಾ ಬೆಲ್ಟ್ ಹಾಕ್ತೀನಿ. ಆಮ್ಯಾಲ ನೀನೇ ಹೇಳು."

ನಾನು ಯಾರ ಗಾಡಿಯಲ್ಲಿ ಹೋಗುತ್ತೇನೆ ಎಂದು ಯಾರೂ ಕೇಳಲಿಲ್ಲ. ಕಾಕಾ ನಗುತ್ತಲೇ ಹೇಳಿದ್ದರು, ಆದರೆ ಆ ಆರು ಸೀಟು ಹೋದರೆ ವ್ಯಾನು ಮಾರುವುದೇ ಸೈ ಎಂಬುದು ಅವರಿಗೂ ಗೊತ್ತಿತ್ತು, ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅವರ ಹೆಂಡತಿ ಛಾಯಾ ಕಾಕುಗೂ ಗೊತ್ತಿತ್ತು.

ಕೆಲಸ ದೊಡ್ಡದೇನಲ್ಲ. ಎಂಜಿನ್ನಿನ ವಾಲ್ವುಗಳನ್ನು ಒತ್ತುವ ತೋಳುಗಳಿರುತ್ತವೆ. ತೋಳಿಗೂ ವಾಲ್ವಿಗೂ ನಡುವೆ ಕಾಗದ ಹೋಗುವಷ್ಟು ಸಂದು ಬೇಕು. ಸವೆದು ಸವೆದು ಸಂದು ಹೆಚ್ಚಾದರೆ ಕಟಕಟ. ಅದನ್ನು ಸರಿಮಾಡುವುದೇ ಟ್ಯಾಪೆಟ್ ಸೆಟ್ಟಿಂಗ್. ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಹಾಗಾಗಿ ಎಂಜಿನ್ ಪೂರ್ತಿ ತಣ್ಣಗಿರಬೇಕು. ಅಷ್ಟೇ ಷರತ್ತು. ಆದರೆ ಹನ್ನೂರಿನಲ್ಲಿ ಕಾಕಾನ ವ್ಯಾನು ಹಗಲಿನಲ್ಲಿ ತಣ್ಣಗಿದ್ದದ್ದನ್ನು ಕಂಡವರು ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕಾಕಾ ವ್ಯಾನನ್ನು ಬೇವಿನ ನೆರಳಿಗೆ ನಿಲ್ಲಿಸಿ ಮುಂದಿನ ಸೀಟು ಎತ್ತಿದ್ದರು. ಆ ವ್ಯಾನಿನ ಎಂಜಿನ್ ಇರುವುದು ಸೀಟಿನ ಕೆಳಗೇ. ಕಾಕಾ ಅಂಗೈಯನ್ನು ಎಂಜಿನ್ ಮೇಲಿಟ್ಟರು. "ಥಂಡ ಅದ. ಪಾನಾ ಕೊಡು."

ನಟ್ಟು ಬಿಚ್ಚುವ ಪಾನಾ ಕೊಟ್ಟೆ. ಬೇರೆ ಸೈಜಿನದು. ಸರಿಯಾದದ್ದು ಹುಡುಕುವಷ್ಟರಲ್ಲಿ ಶಾರದಾಬಾಯಿ ಚೀಲ ಹಿಡಿದು ಬಂದು ನಿಂತರು.

"ಕಾಕಾ, ಅಕ್ಕಲಕೋಟಕ್ಕ ಬೀಗರು ಬಂದು ಸ್ಟ್ಯಾಂಡ್‌ನ್ಯಾಗ ಕುಂತಾರ. ಎಸ್‌ಟಿ ಬಸ್ಸ ಕಾಣವಲ್ದು."

ಸೀಟು ಕೆಳಗೆ ಬಂತು. ವ್ಯಾನು ಹೋಯಿತು. ತಿರುಗಿ ಬಂದಾಗ ಎಂಜಿನ್ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ತಣಿಯಲಿ ಎಂದು ಕಾಯುತ್ತ ಕುಳಿತೆವು. ಇನ್ನೇನು ಅಂಗೈ ಇಡಬೇಕು ಎನ್ನುವಾಗ ಕಲ್ಲಣ್ಣ ಓಡಿ ಬಂದ. ಅವನ ಕುರಿಯ ಹೊಟ್ಟೆಯಲ್ಲಿ ಮರಿ ಅಡ್ಡವಾಗಿತ್ತು, ದನದ ಡಾಕ್ಟರ ಹತ್ತಿರ ಒಯ್ಯಬೇಕಿತ್ತು. ಕುರಿಯವರ ಮನೆಯ ಮಗ ಕುರಿಗೆ ಇಲ್ಲ ಎನ್ನುತ್ತಾರೆಯೇ? ಕುರಿ ಹಿಂದಿನ ಸೀಟಿನಲ್ಲಿ ಹೋಗಿ, ಮಧ್ಯಾಹ್ನ ಎರಡು ಮರಿಗಳ ಜೊತೆ ಅದೇ ಸೀಟಿನಲ್ಲಿ ತಿರುಗಿ ಬಂತು. ಎಲ್ಲರಿಗೂ ಖುಷಿ. ಎಂಜಿನ್ ಮತ್ತೆ ಕೆಂಡ.

"ಆ ಎಂಜಿನ್ ಥಂಡ ಆಗೂದಿಲ್ಲ ನೋಡು," ಛಾಯಾ ಕಾಕು ಹೊಸ್ತಿಲಲ್ಲಿ ನಿಂತು ನನಗೆ ಹೇಳಿದರು. "ಇವರ ಬಾಯಾಗ 'ಇಲ್ಲ' ಅನ್ನೂ ಮಾತು ಬರೂತನಾ ಆಗೂದಿಲ್ಲ. ಲಗ್ನಾಗಿ ಇಷ್ಟ ವರ್ಷಾತು, ನಾನಂತೂ ಕೇಳಿಲ್ಲಪಾ."

"ನೀ ಕೇಳಿದ್ದಕ್ಕೂ ಇಲ್ಲ ಅಂದಿಲ್ಲಲ್ಲ?" ಎಂದರು ಕಾಕಾ.

"ಫ್ರಿಜ್ ಕೇಳಿ ಮೂರು ವರ್ಷಾತು. ಹೂಂ ಅಂದೀರಿ. ಎಲ್ಲದ?"

ಕಾಕಾ ಬೆಲ್ಟಿನ ಮುಂದಿನ ಪುಲ್ಲಿ, ಕವರ್ ಬಿಚ್ಚಿಟ್ಟು ತಲೆ ತಗ್ಗಿಸಿ ಊಟಕ್ಕೆ ಹೋದರು. ಆಗ ನನ್ನೊಳಗಿನ ಅರ್ಧ ಮಿಸ್ತ್ರಿ ಎದ್ದ. ಗಾಡಿ ಚಾಲೂ ಆಗದಿದ್ದರೆ ಯಾರು ಏನು ಕೇಳಿಯಾರು? ಮೇಲಿನ ಕ್ಯಾಮ್‌ಶಾಫ್ಟನ್ನು ಕೆಳಗಿನ ಶಾಫ್ಟಿನ ಜೊತೆ ತಾಳಕ್ಕೆ ತಿರುಗಿಸುವುದು ಆ ಹಲ್ಲಿನ ಬೆಲ್ಟು. ಅದಿಲ್ಲದೆ ಎಂಜಿನ್ ಬರೀ ಕಬ್ಬಿಣದ ಗಡ್ಡೆ. ಬೆಲ್ಟನ್ನು ಬಿಗಿಹಿಡಿಯುವ ಟೆನ್ಶನರ್ ಸಡಿಲಿಸಿ ಬೆಲ್ಟ್ ಎಳೆದು ತೆಗೆದೆ. ತೆಗೆಯುವ ಮೊದಲು ಎರಡೂ ಪುಲ್ಲಿಗಳ ಗುರುತು ಕೂಡಿಸಿಕೊಳ್ಳಬೇಕು ಎನ್ನುವುದು ಆಮೇಲೆ ನೆನಪಾಯಿತು. ವಿಡಿಯೋದಲ್ಲಿ ಆ ಭಾಗ ಬಂದಾಗ ನಾನು ಚಹಾಕ್ಕೆ ಎದ್ದಿದ್ದೆ.

ಕಾಕಾ ಬಂದು ನೋಡಿದರು. ಬೈಯಲಿಲ್ಲ. "ಬೆಲ್ಟ್ ತಗದೀ?" ಎಂದರು. "ಬರಂ ಝಾಲಂ, ಛಲೋನ ಆತು," ಎಂದು ಬೇವಿನ ಕೆಳಗೆ ಕಾಲು ಚಾಚಿದರು. ಅಂಥ ನಿದ್ದೆ ಅವರು ಎಷ್ಟು ವರ್ಷಗಳಿಂದ ಮಾಡಿರಲಿಲ್ಲವೋ.

ನಾಲ್ಕು ಗಂಟೆಗೆ ಅಣ್ಣಾರಾಯ ಬಂದರು. ಅವತ್ತು ಅವರ ಮಗ ಓಂಕಾರನ ಮದುವೆ, ಸಂಜೆಯ ಮುಹೂರ್ತ. ಹಿಂದೆ ಶೈಲೇಶ ಮತ್ತು ಹತ್ತು ಜನ ಗೆಳೆಯರು, ಎಲ್ಲರ ತಲೆಗೂ ಗುಲಾಬಿ ಫೇಟಾ.

"ಗುರುಸಿದ್ಧ, ಸೋಲಾಪುರದಿಂದ ಬರೂ ಓಪನ್ ಜೀಪ್ ದಾರ್ಯಾಗ ಕೆಟ್ಟ ನಿಂತದ. ಶೈಲೇಶನ ಗಾಡಿ ಬೀಗರ್ನ ತರಾಕ ಬ್ಯಾರೇವ್ರು ಒಯ್ದಾರ. ಮದಿಮಗಾ ಮಾರುತಿ ಗುಡಿಗೆ ನಡಕೊಂತ ಹೋಗಬೇಕೇನು? ನಿನ್ನ ಗಾಡಿ ಬೇಕು."

ಕಾಕಾ ನನ್ನ ಮುಖ ನೋಡಿದರು. ನಾನು ಬೇವಿನ ಮರ ನೋಡಿದೆ. ಅವರ ಬಾಯಿಂದ ಕೊನೆಗೂ ಆ ಮಾತು ಬರುತ್ತದೆ ಎಂದು ಛಾಯಾ ಕಾಕು ಹೊರಗೇ ಬಂದರು.

"ಎಂಜಿನ್ ಬಿಚ್ಚಿದ್ದದ, ದಾದಾ," ಎಂದರು ಕಾಕಾ. ಮತ್ತೆ ಫೇಟಾಗಳನ್ನು ಒಂದೊಂದಾಗಿ ನೋಡಿದರು. "ಆದ್ರ ಮೆರವಣಿಗಿಗೆ ಎಂಜಿನ್ ಯಾಕ ಬೇಕು? ಡಿಜೆ ಮುಂದ ಕುಣಕೊಂತ ಹೋಗೂದು. ಇಷ್ಟು ಮಂದಿ ಗಂಡಸರಿದ್ದೀರಿ, ನೂಕ್ರಿ."

ಕಾಕು ಹಣೆ ಬಡಿದುಕೊಂಡು ಒಳಗೆ ಹೋದರು.

ಬಿಚ್ಚಿದ ಸಾಮಾನು, ಹೊಸ ಬೆಲ್ಟು, ಪಾನಾ ಚೀಲ ಎಲ್ಲ ಹಿಂದೆ ಹಾಕಿ, ಸೀಟು ಇಳಿಸಿ, ವ್ಯಾನಿಗೆ ಚೆಂಡುಹೂವಿನ ಹಾರ ಕಟ್ಟಿದೆವು. ಪಕ್ಕದ ಬಾಗಿಲು ತೆರೆದಿಟ್ಟು ಓಂಕಾರ ಕುಳಿತ. ಕುರಿಯ ವಾಸನೆಗೆ ಸೆಂಟು ಸಿಂಪಡಿಸಿದರು. ಸ್ಟಿಯರಿಂಗ್ ಹಿಡಿದು ಕಾಕಾ, ಗೇರಿನ ಹಿಡಿಯ ಮೇಲೆ ಕೈಯಿಟ್ಟು ನಾನು. ಗೇರು ಬಿದ್ದರೆ ಕೆಳಗಿನ ಶಾಫ್ಟ್ ಒಂದೇ ತಿರುಗಿ ಒಳಗೆ ಏನಾದರೂ ಆದೀತು, ಹಾಗಾಗಿ ಅದನ್ನು ನ್ಯೂಟ್ರಲ್ಲಿನಲ್ಲಿ ಕಾಯುವುದು ನನ್ನ ಕೆಲಸ. ಇಷ್ಟು ಜವಾಬ್ದಾರಿಯ ಹುದ್ದೆ ನನಗೆ ಕಾರ್ಖಾನೆಯಲ್ಲಿ ಯಾರೂ ಕೊಟ್ಟಿಲ್ಲ. ಗುಡಿಯ ಹತ್ತಿರದ ಏರಿನಲ್ಲಿ ಹಿಂದಿನಿಂದ ಶೈಲೇಶ, "ಕಾಕಾ, ಗೇರ್ ಹಾಕ್ರಿ, ಧಕ್ಕಾ ಸ್ಟಾರ್ಟ್ ಆಗ್ತದ!" ಎಂದು ಕಿರುಚಿದ. ನಾನು ಎರಡೂ ಕೈಯಿಂದ ಹಿಡಿಯನ್ನು ಅಪ್ಪಿಕೊಂಡೆ.

ಹೀಗೆ ಊರೆಲ್ಲ ಸುತ್ತಿ, ಸಂಜೆಯ ಗಾಳಿ ಕುಡಿಯುತ್ತ, ಮದುಮಗನನ್ನು ಹೊತ್ತು ಎಂಜಿನ್ ತಣಿಯಿತು.

ಮಂಟಪದ ಮುಂದೆ ಓಂಕಾರ ಇಳಿದದ್ದೇ ತಡ, ನೂಕಿದವರೆಲ್ಲ ಅಕ್ಷತೆ ಹಿಡಿಯಲು ಓಡಿದರು. ವ್ಯಾನನ್ನು ಮನೆಗೆ ಯಾರು ನೂಕಬೇಕು? ಕಾಕಾ ಅಲ್ಲೇ ಮಂಟಪದ ದೀಪದ ಬೆಳಕಿನಲ್ಲಿ ಸೀಟು ಎತ್ತಿದರು, ಅಂಗೈ ಇಟ್ಟರು, ನಕ್ಕರು.

ಮೊದಲು ಬೆಲ್ಟು. ಗುರುತು ಕೂಡಿಸಿ ಹಾಕಲು ನನಗೇ ಹೇಳಿದರು. ಹಾಕಿದೆ. ಕೆಳಗಿನ ಶಾಫ್ಟನ್ನು ಪಾನಾದಿಂದ ಎರಡು ಸುತ್ತು ತಿರುಗಿಸಿ ನೋಡಿ, "ಒಂದ ಹಲ್ಲು ಮುಂದ ಹೋಗ್ಯಾದ," ಎಂದರು. "ನಿನ್ನ ಟವೆಲ್ಲಿನಂಗ, ಒಂದ ಮೂಲಿ ಬಾಕಿ." ಮತ್ತೆ ಹಾಕಿದೆ. ಈ ಸಲ ಕೂಡಿತು. ಪುಲ್ಲಿ, ಕವರ್ ಏರಿದವು.

ಆಮೇಲೆ ಟ್ಯಾಪೆಟ್. ಒಂದೊಂದು ತೋಳಿನ ಕೆಳಗೂ ಗೇಜಿನ ತೆಳ್ಳನೆ ತಗಡು ತೂರಿಸಿ, ಸ್ಕ್ರೂ ತಿರುಗಿಸಿ ಕಾಕಾ ಕಣ್ಣು ಮುಚ್ಚುತ್ತಿದ್ದರು. ತಗಡು ತುಸು ಹಿಡಿಯಬೇಕು, ಆದರೆ ಬಿಡಬೇಕು. ಮೂರನೆಯ ವಾಲ್ವಿಗೆ ಬಂದಾಗ ಯಾರೋ ಬೀಗರು ಬಂದು, "ಡ್ರೈವರ್ ಸಾಹೇಬ್ರ, ನಮ್ಮನ್ನ ಸ್ಟೇಷನ್‌ಗೆ..." ಎಂದರು. ಕಾಕಾನ ಕೈ ನಿಂತಿತು. ಸ್ಕ್ರೂ ಬಿಟ್ಟು ಕಿಸೆಯ ಕಡೆ ಹೊರಟೇಬಿಟ್ಟಿತ್ತು. ಅಷ್ಟರಲ್ಲಿ ಜರಿ ಸೀರೆಯ ಸುಗಲಾಬಾಯಿ ಇಬ್ಬರ ನಡುವೆ ಬಂದು ನಿಂತರು.

"ಗಾಡಿ ಖಾಲಿ ಇಲ್ಲರಿ. ಊಟಾ ಮಾಡ್ರಿ, ಹೋಗ್ರಿ."

ಆಮೇಲೆ ಅವರು ಕದಲಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, ಬಂದವರನ್ನೆಲ್ಲ ಪಂಕ್ತಿಯ ಕಡೆ ಅಟ್ಟಿದರು. ಒಬ್ಬಾಕೆ ಬಾಯಿ ತೆರೆಯುವ ಮೊದಲೇ, "ಇಲ್ಲ!" ಎಂದರು. ಆಕೆ ಕೇಳಲು ಬಂದದ್ದು ನೀರು ಎಲ್ಲಿದೆ ಎಂದು.

ಕೊನೆಯ ನಟ್ಟು ಬಿಗಿದು ಕಾಕಾ ಕೀಲಿ ತಿರುಗಿಸಿದರು. ಎಂಜಿನ್ ಹಿಡಿಯಿತು. ಆದರೆ ಕಟಕಟ ಹೋಯಿತೋ ಇಲ್ಲವೋ, ಡಿಜೆಯ ಅಬ್ಬರದಲ್ಲಿ ಯಾರಿಗೆ ಕೇಳಬೇಕು?

"ಅಣ್ಣಾರಾಯಾ, ಆ ಡಿಜೆ ಬಂದ್ ಮಾಡ್ಸು!" ಎಂದು ಕೂಗಿದರು ಸುಗಲಾಬಾಯಿ.

ಬಂದ್ ಆಯಿತು. ಹುಡುಗರು ಕುಣಿಯುತ್ತಿದ್ದಂತೆಯೇ ನಿಂತರು. ಪಂಕ್ತಿಯಲ್ಲಿ ಬಡಿಸುವವರ ಸೌಟು ನಿಂತಿತು. ಇಡೀ ಮದುವೆ ವ್ಯಾನಿನ ಕಡೆ ತಿರುಗಿತು. ಕಾಕಾ ಮಾತ್ರ ಸುಗಲಾಬಾಯಿಯ ಮುಖವನ್ನೇ ನೋಡುತ್ತಿದ್ದರು. ಆಕೆ ಎಂಜಿನ್ ಹತ್ತಿರ ಬಗ್ಗಿದರು, ಕಿವಿಯ ಮೇಲಿನ ಮಲ್ಲಿಗೆ ದಂಡೆ ಸರಿಸಿದರು. ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿದಾಗ ಬರುವಂಥ ಒಂದೇ ಸಮನಾದ ಸದ್ದು.

ಶೈಲೇಶ ಪಕ್ಕಕ್ಕೆ ಬಂದು ಮೆಲ್ಲಗೆ, "ಕಾಕಾ, ನಂದೂ ಒಮ್ಮಿ ನೋಡ್ತೀರಿ?" ಎಂದ.

"ತಾ. ಆದ್ರ ಚಾಲೂ ಮಾಡಿ ತರಬ್ಯಾಡ. ನೂಕ್ಕೊಂತ ತಾ."

ಸುಗಲಾಬಾಯಿ ನೆಟ್ಟಗಾದರು. "ಅಣ್ಣಾ, ನಾಳಿ ಐದೂ ಮುಕ್ಕಾಲಿಗೆ ಹಾರ್ನ್ ಹೊಡಿ. ನಾವು ಆರೂ ಮಂದಿ ಕಟ್ಟೀ ಮ್ಯಾಲ ಇರ್ತೀವಿ." ಆಮೇಲೆ ನನ್ನತ್ತ ತಿರುಗಿ, "ಈ ಹುಡುಗನ್ನೂ ಕರಕೋ, ಪಾಪ," ಎಂದು, ಇನ್ನು ಬಾರಿಸು ಎಂಬಂತೆ ಡಿಜೆಯವನಿಗೆ ಕೈಯೆತ್ತಿದರು.