ಮೂಟೆ ಬಿಟ್ಟು ಏಳದ ದೇವಕಿ

ಬೆಳಗಿನ ಆರೂವರೆ. ದಿಲ್ಲಿ ಪಕ್ಕದ ಗಾಜಿಯಾಬಾದಿನ ಅಂಚಿನ ಕೆರೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ದಡದ ಪುಟ್ಟ ವಸ್ತುಸಂಗ್ರಹಾಲಯದೊಳಗೆ ದೇವಕಿ ಮೂಗಿಗೆ ಸೆರಗು ಕಟ್ಟಿಕೊಂಡು, ಹುಲ್ಲು ತುಂಬಿ ನಿಲ್ಲಿಸಿದ ಸಾರಸ ಪಕ್ಷಿಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯುತ್ತಿದ್ದಾರೆ. ಕೊರಳಿನಿಂದ ಬಾಲದ ಕಡೆಗೆ, ಒಂದೇ ದಿಕ್ಕಿಗೆ. "ಹಿಂದೆ ಮುಂದೆ ಉಜ್ಜಿದ್ರೆ ಗರಿ ಉದುರ್ತದೆ. ಉದುರಿದ್ದು ಮತ್ತೆ ಹುಟ್ಟುದಿಲ್ಲ," ಎನ್ನುತ್ತಾರೆ.

ಐವತ್ತಮೂರರ ದೇವಕಿ ಕುಂದಾಪುರದ ಕಡೆಯವರು. ಗಂಡ ಕರುಣಾಕರ ದಿಲ್ಲಿಯ ಪೀತಂಪುರಾದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದಾಗ ಇವರು ಅಲ್ಲೇ ಒಂಬತ್ತು ವರ್ಷ ಪಾತ್ರೆ ತೊಳೆದರು. ಸೋಪಿನ ನೀರಿಗೆ ಬೆರಳು ಬಿರಿದು ಆ ಕೆಲಸ ಬಿಡಬೇಕಾಯಿತು. ಗಂಡ ಗಾಜಿಯಾಬಾದಿನದೇ ಇಂದಿರಾಪುರಂನ ಹೋಟೆಲಿಗೆ ಬಂದ ಮೇಲೆ, ೧೯೯೯ರಲ್ಲಿ, ಇಲ್ಲಿ ಗುಡಿಸುವ ಗುತ್ತಿಗೆ ಕೆಲಸ ಸಿಕ್ಕಿತು. ಹತ್ತು ಗಾಜಿನ ಪೆಟ್ಟಿಗೆ, ನೂರ ಅರವತ್ತು ಹಕ್ಕಿ, ಲೆಕ್ಕವಿಲ್ಲದಷ್ಟು ಮೊಟ್ಟೆ. ನೋಡಲು ಬರುವವರು ದಿನಕ್ಕೆ ಹದಿನೈದೋ ಇಪ್ಪತ್ತೋ. ಕೆರೆಯ ಹೂಳಿನಲ್ಲಿ ಸಿಗುವ ಹಳೆಯ ಮಡಕೆಯ ಚೂರುಗಳನ್ನು ತೊಳೆದು ಒಣಗಿಸುವುದೂ ಕ್ರಮೇಣ ಅವರ ಪಾಲಿಗೇ ಬಂತು.

೨೦೦೫ರ ಮಾರ್ಚ್‌ನಲ್ಲಿ ಉಗ್ರಾಣಕ್ಕೆ ಸುಣ್ಣ ಹೊಡೆಯಲು ಬಂದ ಆಳುಗಳು ಆ ಚೂರುಗಳ ಹನ್ನೊಂದು ಮೂಟೆಗಳನ್ನು ಕಸವೆಂದು ಅಂಗಳಕ್ಕೆ ಹಾಕಿದರು. ಒಯ್ಯಲು ಲಾರಿ ಬಂದಾಗ ಸಂಗ್ರಹಾಲಯದ ಅಧಿಕಾರಿ ಅಶ್ವತ್ಥನಾರಾಯಣ ದಿಲ್ಲಿಯ ಲೋಧಿ ಕಾಲೋನಿಯಲ್ಲಿ ಸಭೆಯಲ್ಲಿದ್ದರು, ಫೋನ್ ಎತ್ತಲಿಲ್ಲ.

"ಭಯ್ಯಾ, ಇದು ಕಸ ಅಲ್ಲ," ಎಂದು ದೇವಕಿ ತಮ್ಮ ಹಿಂದಿಯಲ್ಲಿ ಹೇಳಿದರು.

"ಒಡೆದ ಮಡಕೆ ತಾನೇ? ಚಲೋ, ದಾರಿ ಬಿಡಿ," ಎಂದ ಚಾಲಕ.

ದೇವಕಿ ಮೂಟೆಗಳ ಮೇಲೆ ಹತ್ತಿ ಕುಳಿತರು. ಗುತ್ತಿಗೆದಾರ ಬಂದು, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ನೀರನ್ನೂ ಕುಡಿಯದೆ, ಅವರು ಏಳಲಿಲ್ಲ.

"ಹೆದರಿಕೆ ಆಗಿತ್ತು. ಕೆಲಸ ಹೋದ್ರೆ ಮನೆಯಲ್ಲಿ ಎಂತ ಹೇಳುದು? ಆದ್ರೆ ಒಂದೊಂದು ಚೂರೂ ನಾನೇ ತೊಳೆದದ್ದು. ಎದ್ದು ಹೋಗ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಮರಳಿ ಬಂದ ಅಶ್ವತ್ಥನಾರಾಯಣ ಲಾರಿಯನ್ನು ಖಾಲಿಯಾಗಿಯೇ ಕಳುಹಿಸಿದರು. ದೇವಕಿಯ ಕೆಲಸವೂ ಉಳಿಯಿತು. ಆ ಮೂಟೆಗಳಲ್ಲಿದ್ದ ನಲವತ್ತೊಂದು ಚೂರುಗಳು ಒಂದೇ ಹೂಜಿಯವು ಎಂದು ಅಂಚು ಅಂಚು ಹೊಂದಿಸಿ ತೋರಿಸಿದವರೂ ದೇವಕಿಯೇ. ಕೂಡಿಸಲು ಒಂದೂವರೆ ವರ್ಷ ಹಿಡಿಯಿತು. ಮೇಲಿನ ಚಿತ್ತಾರ ಎಲೆಯದೆಂದು ಅಧಿಕಾರಿ ಬರೆದುಕೊಂಡಿದ್ದರು. "ಎಲೆ ಅಲ್ಲ ಸರ್, ಮೀನು. ಕಿವಿರು ನೋಡಿ," ಎಂದರಂತೆ ದೇವಕಿ. ಅಧಿಕಾರಿ ಭೂತಗನ್ನಡಿ ಹಿಡಿದು ನೋಡಿ, ಬರೆದದ್ದನ್ನು ಹೊಡೆದುಹಾಕಿದರು.

ಹೂಜಿ ಈಗ ಆರನೆಯ ಪೆಟ್ಟಿಗೆಯಲ್ಲಿದೆ. ಚೀಟಿಯಲ್ಲಿ ಅಳತೆಯಿದೆ, ಸಿಕ್ಕಿದ ಜಾಗವಿದೆ, ದೇವಕಿಯ ಹೆಸರಿಲ್ಲ. ಕೇಳಿದರೆ ಅವರಿಗೆ ಅದರ ಯೋಚನೆಯೇ ಇಲ್ಲ.

"ಕುತ್ತಿಗೆ ಹತ್ರ ಒಂದು ಚೂರು ಕಮ್ಮಿ ಉಂಟು. ಸರ್ ಅಲ್ಲಿ ಪ್ಲಾಸ್ಟರ್ ತುಂಬಿಸಿದ್ದಾರೆ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಒಮ್ಮೆ ಹುಡುಕ್ಬೇಕು. ಎದುರಿಗೆ ಬಂದ್ರೆ ಸಾಕು, ನನಗೆ ಗುರ್ತ ಸಿಗ್ತದೆ."